ಮಕ್ಕಳು ದೊಡ್ಡವರಾದ ಮೇಲೂ ತಾಯಿಯನ್ನು ಕಾಡುವ ಖಿನ್ನತೆ: ಗುರುತಿಸಿ ಚಿಕಿತ್ಸೆ ಪಡೆಯುವ ಬಗೆ

ಒಗೆದು ಒಣಗಿಸಿದ ಬಟ್ಟೆಯ ರಾಶಿಯೊಂದು ಹಗಲಿಡೀ ಮಂಚದ ಮೇಲಿರುತ್ತದೆ. ರಾತ್ರಿ ಮಲಗುವ ಹೊತ್ತಿಗೆ ತಾಯಿ ಅದನ್ನು ಎರಡೂ ಕೈಗಳಿಂದ ಬಾಚಿ ಕುರ್ಚಿಯ ಮೇಲೆ ಹಾಕುತ್ತಾಳೆ. ಬೆಳಿಗ್ಗೆ ಯಾರಾದರೂ ಕುರ್ಚಿಯಲ್ಲಿ ಕೂರಬೇಕಾಗಿ ಬಂದು ಅದು ಮತ್ತೆ ಮಂಚಕ್ಕೆ ಹೋಗುತ್ತದೆ. ಹೀಗೆ ಹನ್ನೊಂದು ದಿನ ಕಳೆದಿವೆ. ಮಕ್ಕಳು ಹೊತ್ತಿಗೆ ಸರಿಯಾಗಿ ಶಾಲೆಗೆ ಹೋಗಿದ್ದಾರೆ, ಊಟ ತಪ್ಪಿಲ್ಲ, ಕಚೇರಿಗೆ ರಜೆ ಹಾಕಿಲ್ಲ, ಶಾಲೆಯ ಡೈರಿಗೆ ಸಹಿ ಬಿದ್ದಿದೆ. ಮಡಚದೆ ಉಳಿದದ್ದು ಬಟ್ಟೆ ಮಾತ್ರ. ಕೇಳಿದರೆ ಆಕೆ ಅದನ್ನು ತನ್ನ ಸೋಮಾರಿತನ ಎನ್ನುತ್ತಾಳೆ. ಕಿರಿಯ ಮಗುವಿಗೇ ಎಂಟು ವರ್ಷ ತುಂಬಿರುವುದರಿಂದ, ಇದು ಖಿನ್ನತೆಯಾಗಿರಬಹುದೆಂಬುದು ಆಕೆಗಾಗಲಿ ಮನೆಯವರಿಗಾಗಲಿ ಹೊಳೆಯುವುದೇ ಇಲ್ಲ.

ತಾಯಿಯ ಖಿನ್ನತೆ ಎಂದೊಡನೆ ಎಲ್ಲರ ಕಣ್ಣಮುಂದೆ ಬರುವುದು ಬಾಣಂತಿಯ ಚಿತ್ರ. ಅದಕ್ಕೆ ಕಾರಣವೂ ಇದೆ. ಅಮೆರಿಕದ ಮನೋವೈದ್ಯರ ಸಂಘ ಪ್ರಕಟಿಸುವ ರೋಗನಿರ್ಣಯ ಕೈಪಿಡಿಯು ಗರ್ಭಾವಸ್ಥೆಯಲ್ಲಿ ಅಥವಾ ಹೆರಿಗೆಯಾದ 4 ವಾರಗಳೊಳಗೆ ಶುರುವಾದ ಖಿನ್ನತೆಯನ್ನು ಮಾತ್ರ ಹೆರಿಗೆಯ ಜೊತೆ ಸೇರಿಸಿ ಗುರುತಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಆ ಗಡುವು ಸುಮಾರು 6 ವಾರ. ಬಾಣಂತಿಯರಿಗೆಂದೇ 1987ರಲ್ಲಿ ಸಿದ್ಧವಾದ, 10 ಪ್ರಶ್ನೆಗಳ ಎಡಿನ್‌ಬರೋ ಪ್ರಶ್ನಾವಳಿಯೂ ಇದೆ. ಮಗುವಿನ ಲಸಿಕೆಗಳು ಮುಗಿಯುತ್ತ ಬಂದ ಹಾಗೆ ತಾಯಿಗೂ ಆಸ್ಪತ್ರೆಗೂ ಇದ್ದ ನಂಟು ಕಡಿದುಹೋಗುತ್ತದೆ, ‘ನೀವು ಹೇಗಿದ್ದೀರಿ’ ಎಂದು ಆಕೆಯನ್ನು ಕೇಳುವವರು ಅಲ್ಲಿಗೆ ಮುಗಿದರು.

ಕಾಯಿಲೆ ಆ ಗಡುವಿಗೆ ನಿಲ್ಲುವುದಿಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಚೊಚ್ಚಲ ಹೆರಿಗೆಯ 1,500ಕ್ಕೂ ಹೆಚ್ಚು ಮಹಿಳೆಯರನ್ನು ಗರ್ಭಾವಸ್ಥೆಯಿಂದಲೇ ಗಮನಿಸುತ್ತ ಬಂದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಮಗುವಿಗೆ 4 ವರ್ಷವಾದಾಗ ಶೇ 14.5ರಷ್ಟು ತಾಯಂದಿರಲ್ಲಿ ಖಿನ್ನತೆಯ ಲಕ್ಷಣಗಳಿದ್ದವು, ಮೊದಲ 12 ತಿಂಗಳ ಯಾವ ಹಂತದಲ್ಲಿಯೂ ಪ್ರಮಾಣ ಇಷ್ಟಿರಲಿಲ್ಲ. ಅಮೆರಿಕದಲ್ಲಿ 2,200ಕ್ಕೂ ಹೆಚ್ಚು ತಾಯಂದಿರನ್ನು ಪ್ರಶ್ನಿಸಿ 2016ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ ಎಲ್ಲರಿಗಿಂತ ಹೆಚ್ಚು ಬಳಲಿದವರು ಹಸುಗೂಸುಗಳ ತಾಯಂದಿರಲ್ಲ, 12ರಿಂದ 14ರ ವಯಸ್ಸಿನ ಮಕ್ಕಳಿರುವವರು. ಹದಿಹರೆಯದ ಮಗ ಬಾಗಿಲು ಹಾಕಿಕೊಂಡು ಒಳಗೆ ಕೂತಾಗ ಹೊರಗೆ ನಿಂತಿರುವ ತಾಯಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಣಂತಿಯಾಗಿದ್ದಾಗ ಬಂದ ಖಿನ್ನತೆ ಚಿಕಿತ್ಸೆಯಿಲ್ಲದೆ ಹಾಗೆಯೇ ಮುಂದುವರಿದಿರಬಹುದು, ಒಮ್ಮೆ ವಾಸಿಯಾಗಿ ವರ್ಷಗಳ ಮೇಲೆ ಮರಳಿರಬಹುದು, ಇಲ್ಲವೇ ಹಿಂದೆಂದೂ ಇಲ್ಲದವಳಿಗೆ ಈಗ ಹೊಸದಾಗಿ ಬಂದಿರಬಹುದು. ವೈದ್ಯರ ಬಳಿ ಹೋದಾಗ ಈ ಮೂರರಲ್ಲಿ ನಿಮ್ಮದು ಯಾವುದೆಂದು ತಿಳಿಸಿದರೆ ಅವರಿಗೆ ಅರ್ಧ ಚರಿತ್ರೆ ಸಿಕ್ಕಂತೆ.

ದಣಿವೋ, ಖಿನ್ನತೆಯೋ

ದಣಿವಿಲ್ಲದ ತಾಯಿ ಇಲ್ಲ, ಆದ್ದರಿಂದಲೇ ಈ ಕಾಯಿಲೆಗೆ ಅಡಗಿಕೊಳ್ಳಲು ದಣಿವಿಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಇವೆರಡನ್ನು ಬೇರ್ಪಡಿಸಲು ನೆರವಾಗುವ ಒಂದು ಪ್ರಶ್ನೆಯಿದೆ: ಎರಡು ರಾತ್ರಿ ಚೆನ್ನಾಗಿ ನಿದ್ದೆ ಬಂದು, ಮೂರನೆಯ ದಿನ ಯಾವ ಜವಾಬ್ದಾರಿಯೂ ಇಲ್ಲದೆ ಬಿಡುವು ಸಿಕ್ಕರೆ ಏನು ಮಾಡಬೇಕೆನಿಸುತ್ತದೆ? ದಣಿದವಳಿಗೆ ಉತ್ತರ ತಕ್ಷಣ ಹೊಳೆಯುತ್ತದೆ. ಗೆಳತಿಯೊಬ್ಬಳು, ಅರ್ಧಕ್ಕೆ ಬಿಟ್ಟ ಹೊಲಿಗೆ, ಒಂದು ನಡಿಗೆ, ಏನಾದರೂ ಒಂದು. ಖಿನ್ನತೆಯಿರುವವಳಿಗೆ ಏನೂ ಹೊಳೆಯುವುದಿಲ್ಲ, ಹೊಳೆದರೂ ಅದರಿಂದ ಸಂತೋಷವಾದೀತೆಂಬ ನಂಬಿಕೆ ಬರುವುದಿಲ್ಲ. ಇದು ರೋಗನಿರ್ಣಯವಲ್ಲ, ಮುಂದಿನ ಹೆಜ್ಜೆ ಇಡಬೇಕೇ ಎಂಬುದಕ್ಕೆ ಒಂದು ಸೂಚನೆ ಮಾತ್ರ.

ವೈದ್ಯರು ಪರಿಗಣಿಸುವ ಲಕ್ಷಣಗಳು ಒಂಬತ್ತು: ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಅಥವಾ ಸಂತೋಷ ಇಲ್ಲದಿರುವುದು, ನಿದ್ದೆಯ ಏರುಪೇರು, ಹಸಿವಿನ ಅಥವಾ ತೂಕದ ಏರುಪೇರು, ಶಕ್ತಿ ಉಡುಗಿದಂತಾಗುವುದು, ತನ್ನಿಂದ ಏನೂ ಪ್ರಯೋಜನವಿಲ್ಲವೆಂಬ ಅಥವಾ ಎಲ್ಲದಕ್ಕೂ ತಾನೇ ಕಾರಣವೆಂಬ ಭಾವನೆ, ಗಮನ ನಿಲ್ಲದಿರುವುದು, ಮಾತು ಮತ್ತು ಚಲನೆ ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾಗದಂಥ ಚಡಪಡಿಕೆ, ಮತ್ತು ಸಾವಿನ ಯೋಚನೆ. ಇವುಗಳಲ್ಲಿ ಐದು ಅಥವಾ ಹೆಚ್ಚು ಲಕ್ಷಣಗಳು, ಮೊದಲ ಎರಡರಲ್ಲಿ ಒಂದಾದರೂ ಸೇರಿದಂತೆ, ಎರಡು ವಾರ ಬಹುತೇಕ ಪ್ರತಿದಿನ ಇದ್ದು ಬದುಕಿಗೆ ಅಡ್ಡಿಯಾಗುತ್ತಿದ್ದರೆ ಅದನ್ನು ಖಿನ್ನತೆ ಎನ್ನುತ್ತಾರೆ. ಮಗುವಿನ ವಯಸ್ಸಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ತಾಯಂದಿರಲ್ಲಿ ಎದ್ದು ಕಾಣುವ ಲಕ್ಷಣವೊಂದಿದೆ, ಅದು ಸಿಟ್ಟು. ನೀರಿನ ಬಾಟಲಿ ಶಾಲೆಯಲ್ಲಿ ಮರೆತು ಬಂದ ಮಗಳ ಮೇಲೆ ಕಿರುಚಿ, ಅವಳ ಮುಖ ಸಣ್ಣದಾದುದನ್ನು ಕಂಡು, ರಾತ್ರಿ ಅವಳು ನಿದ್ದೆ ಹೋದ ಮೇಲೆ ಪಕ್ಕದಲ್ಲಿ ಕೂತು ಅಳುವುದು, ಮರುದಿನ ಮತ್ತೆ ಅದೇ. ಸುತ್ತಲಿನವರಿಗೆ ಕಾಣುವುದು ಸಿಡುಕಿನ ಹೆಂಗಸು. ಆಕೆಗೆ ತನ್ನಲ್ಲಿ ಕಾಣುವುದು ಕೆಟ್ಟ ತಾಯಿ. ಖಿನ್ನತೆ ಎಂದರೆ ಸದಾ ಕಣ್ಣೀರು ಎಂದು ತಿಳಿದಿರುವವರು ಈ ಸಿಟ್ಟನ್ನು ಸ್ವಭಾವದ ಖಾತೆಗೆ ಹಾಕಿಬಿಡುತ್ತಾರೆ. ಹಾಗೆಯೇ, ಬೆಳಗಿನ ಜಾವ 3.40ಕ್ಕೆ ಎಚ್ಚರವಾಗಿ, ಅಲಾರಂ ಹೊಡೆಯಲು ಇನ್ನೆಷ್ಟು ಹೊತ್ತಿದೆ ಎಂದು ಎಣಿಸುತ್ತ ಮಲಗಿರುವುದನ್ನು ‘ಮಕ್ಕಳಾದ ಮೇಲೆ ನಿದ್ದೆ ತೆಳುವಾಯಿತು’ ಎಂದು ತಳ್ಳಿಹಾಕಬೇಡಿ. ಮಗು ಎಬ್ಬಿಸದೆಯೂ ನೀವು ಏಳುತ್ತಿದ್ದರೆ ಆ ಎಚ್ಚರಕ್ಕೆ ಕಾರಣ ಮಗುವಲ್ಲ.

ಅಂದಾಜನ್ನು ಅಂಕಿಯಾಗಿಸಲು ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮೇಲಿನ ಒಂಬತ್ತು ಲಕ್ಷಣಗಳ ಬಗ್ಗೆ ಒಂದೊಂದು ಪ್ರಶ್ನೆಯಿದ್ದು, ಕಳೆದ ಎರಡು ವಾರಗಳಲ್ಲಿ ಅದು ಎಷ್ಟು ದಿನ ಕಾಡಿತೆಂಬುದಕ್ಕೆ 0ಯಿಂದ 3ರವರೆಗೆ ಅಂಕ ಕೊಡಬೇಕು, ಒಟ್ಟು 27. ಮೊತ್ತ 10 ಅಥವಾ ಹೆಚ್ಚಾಗಿದ್ದರೆ ವೈದ್ಯರನ್ನು ಕಾಣಲೇಬೇಕು, 20 ಮುಟ್ಟಿದ್ದರೆ ತಡಮಾಡಬಾರದು. ಉತ್ತರಿಸುವಾಗ ಒಂದು ಎಚ್ಚರಿಕೆ: ನೀವು ಮಾಡಿ ಮುಗಿಸಿದ ಕೆಲಸವನ್ನು ನೋಡಿ ಅಂಕ ಕೊಡಬೇಡಿ, ಅದನ್ನು ಮಾಡುವಾಗ ಒಳಗೆ ಏನಾಗುತ್ತಿತ್ತು ಎಂಬುದನ್ನು ನೋಡಿ ಕೊಡಿ. ಮನೆಯ ಕೆಲಸ ನಿಂತಿಲ್ಲವೆಂಬುದು ತಾಯಿಯ ಆರೋಗ್ಯಕ್ಕೆ ಸಾಕ್ಷಿಯಲ್ಲ. ಎಷ್ಟೋ ಸಲ ಅವಳಲ್ಲಿ ಎಲ್ಲಕ್ಕಿಂತ ಕೊನೆಗೆ ನಿಲ್ಲುವುದೇ ಮನೆಗೆಲಸ.

ಒಂಬತ್ತನೆಯ ಪ್ರಶ್ನೆ ಸಾವಿನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ 0 ಅಲ್ಲದೆ ಬೇರೆ ಯಾವ ಅಂಕ ಕೊಟ್ಟಿದ್ದರೂ ಮೊತ್ತ ಎಷ್ಟೆಂದು ನೋಡುತ್ತ ಕೂರಬೇಡಿ, ಇಂದೇ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ವೈದ್ಯರ ಭೇಟಿ ಗೊತ್ತುಮಾಡಿ. ‘ನಾನಿಲ್ಲದಿದ್ದರೆ ಮಕ್ಕಳು ಇದಕ್ಕಿಂತ ಚೆನ್ನಾಗಿರುತ್ತಾರೆ’ ಎಂಬ ಮಾತು ತ್ಯಾಗದಂತೆ ಕೇಳಿಸಿದರೂ ಅದು ಕಾಯಿಲೆಯ ಮಾತು, ಅದರಲ್ಲಿ ಸತ್ಯವಿಲ್ಲ. ಯೋಚನೆ ಯೋಜನೆಯಾಗುತ್ತಿದ್ದರೆ, ಮಕ್ಕಳಿಗೆ ಏನಾದರೂ ಮಾಡಿಬಿಟ್ಟೇನೆಂಬ ಭಯವಿದ್ದರೆ, ಇಲ್ಲದ ದನಿಗಳು ಕೇಳಿಸುತ್ತಿದ್ದರೆ, ಒಬ್ಬರೇ ಇರಬೇಡಿ. ನೀವಿರುವಲ್ಲಿನ ತುರ್ತು ಸಹಾಯವಾಣಿಗೆ ಕರೆ ಮಾಡಿ ಅಥವಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಮನೆಯಲ್ಲಿರುವ ಔಷಧಗಳನ್ನೂ ಅಪಾಯಕಾರಿ ವಸ್ತುಗಳನ್ನೂ ಬೇರೊಬ್ಬರ ವಶಕ್ಕೆ ಕೊಡಿ. ಮನೆಯವರೂ ತಿಳಿದಿರಬೇಕಾದ ಸಂಗತಿಯೆಂದರೆ, ‘ಸಾಯಬೇಕೆನಿಸುತ್ತಿದೆಯೇ’ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟಿಕೊಳ್ಳುವುದಿಲ್ಲ; ಹೇಳಿಕೊಳ್ಳಲು ಆಕೆಗೆ ದಾರಿ ಸಿಗುತ್ತದೆ.

ವೈದ್ಯರ ಬಳಿ ಹೋಗುವಾಗ

ಮೊದಲು ಸಾಮಾನ್ಯ ವೈದ್ಯರನ್ನು ಕಂಡರೂ ಆದೀತು, ನೇರವಾಗಿ ಮನೋವೈದ್ಯರನ್ನು ಕಂಡರೂ ಆದೀತು. ತಾಯಂದಿರು ಎಡವುವುದು ಯಾರನ್ನು ಕಾಣಬೇಕೆಂಬಲ್ಲಿ ಅಲ್ಲ, ಏನು ಹೇಳಬೇಕೆಂಬಲ್ಲಿ. ತಲೆನೋವು, ಬೆನ್ನುನೋವು, ಸುಸ್ತು ಎಂದಷ್ಟೇ ಹೇಳಿ ನೋವಿನ ಮಾತ್ರೆಯೊಂದಿಗೆ ಮರಳಿದವರು ಬಹಳ ಮಂದಿ. ಅವರು ಹೇಳಿದ್ದು ಸುಳ್ಳಲ್ಲ, ಖಿನ್ನತೆ ಮೈಯನ್ನೂ ನೋಯಿಸುತ್ತದೆ. ಆದರೆ ಮೊದಲ ವಾಕ್ಯದಲ್ಲಿ ಏನಿರುತ್ತದೆಯೋ ಭೇಟಿ ಅದರ ಹಿಂದೆಯೇ ಹೋಗುತ್ತದೆ. ಆದ್ದರಿಂದ ಮೊದಲ ವಾಕ್ಯವನ್ನು ಮನೆಯಲ್ಲಿಯೇ ಬರೆದುಕೊಳ್ಳಿ: ‘ಡಾಕ್ಟ್ರೇ, ಎರಡು ತಿಂಗಳಿಂದ ನನಗೆ ಯಾವುದರಲ್ಲೂ ಸಂತೋಷವಿಲ್ಲ, ಮಕ್ಕಳ ಮೇಲೆ ವಿಪರೀತ ಸಿಟ್ಟು ಬರುತ್ತದೆ, ಬೆಳಗಿನ ಜಾವ ಎಚ್ಚರವಾಗುತ್ತದೆ, ಇದು ಖಿನ್ನತೆಯೇ ಎಂದು ನೋಡಿ.’ ಹೇಳಲು ಗಂಟಲು ಕಟ್ಟಿದರೆ ಚೀಟಿಯನ್ನೇ ಕೊಡಿ, ವೈದ್ಯರಿಗೆ ಅದು ಹೊಸದಲ್ಲ.

ಭೇಟಿಗೆ ಮುಂಚಿನ ಒಂದು ವಾರ ದಿನಕ್ಕೆ ಎರಡು ಸಾಲು ಬರೆದಿಟ್ಟುಕೊಂಡರೆ ಸಾಕು: ಎಷ್ಟು ಗಂಟೆ ನಿದ್ದೆ, ದಿನದ ಯಾವ ಹೊತ್ತು ಹೆಚ್ಚು ಕಷ್ಟವಾಯಿತು, ಯಾವ ಕೆಲಸ ಉಳಿಯಿತು, ಮುಟ್ಟಿನ ದಿನಾಂಕ ಯಾವುದು. ಕೊನೆಯದು ಮುಖ್ಯ, ಏಕೆಂದರೆ ಮುಟ್ಟಿಗೆ ಮುಂಚಿನ ಒಂದು ವಾರ ಮಾತ್ರ ಕುಸಿದು ಆಮೇಲೆ ಪೂರ್ತಿ ಸರಿಹೋಗುವ ತೊಂದರೆ ಬೇರೆ, ಅದರ ಚಿಕಿತ್ಸೆಯೂ ಸ್ವಲ್ಪ ಬೇರೆ. ನಲವತ್ತರ ಆಸುಪಾಸಿನಲ್ಲಿ ಅಥವಾ ಅದನ್ನು ದಾಟಿದ ಮೇಲೆ, ಮುಟ್ಟು ನಿಲ್ಲುವುದಕ್ಕೆ ಮುಂಚಿನ ವರ್ಷಗಳಲ್ಲಿ ಹಾರ್ಮೋನುಗಳ ಏರಿಳಿತವೂ ಖಿನ್ನತೆಯ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ತಡವಾಗಿ ತಾಯಿಯಾದವಳಿಗೆ ಈ ಹಂತವೂ ಮಗುವಿನ ಶಾಲೆಯ ವರ್ಷಗಳೂ ಒಟ್ಟಿಗೇ ಬರುತ್ತವೆ. ಥೈರಾಯ್ಡ್ ಕುಂಠಿತವಾದಾಗ, ರಕ್ತಹೀನತೆಯಾದಾಗ, ಬಿ12 ಜೀವಸತ್ವ ಕಡಿಮೆಯಾದಾಗ ಕಾಣುವ ಸುಸ್ತು ಮತ್ತು ಮಂಕು ಖಿನ್ನತೆಯನ್ನೇ ಹೋಲುತ್ತವೆ, ಆದ್ದರಿಂದ ರಕ್ತಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಆದರೆ ಹಿಮೋಗ್ಲೋಬಿನ್ ಕಡಿಮೆಯಿದೆ ಎಂದು ಗೊತ್ತಾದೊಡನೆ ಉತ್ತರ ಸಿಕ್ಕಿತೆಂದು ಮಾತು ಮುಗಿಸಬೇಡಿ, ಎರಡೂ ಒಟ್ಟಿಗೆ ಇರಬಹುದು.

ಕೇಳದಿದ್ದರೂ ಹೇಳಬೇಕಾದ ವಿಷಯಗಳು ಕೆಲವಿವೆ. ಎಂದಾದರೂ ಹಲವು ದಿನ ನಿದ್ದೆಯೇ ಬೇಡವೆನಿಸುವಷ್ಟು ಉತ್ಸಾಹ, ಅತಿಯಾದ ಮಾತು, ಮಿತಿಯಿಲ್ಲದ ಖರ್ಚು ಇತ್ತೇ? ಇದ್ದರೆ ಅದು ಅತಿ ಉತ್ಸಾಹವೂ ಖಿನ್ನತೆಯೂ ಬೇರೆ ಬೇರೆ ಕಾಲದಲ್ಲಿ ಬರುವ ಬೈಪೋಲಾರ್ ಕಾಯಿಲೆಯ ಸೂಚನೆಯಾಗಿರಬಹುದು, ಆಗ ಬರೀ ಖಿನ್ನತೆಯ ಮಾತ್ರೆ ಕೊಡುವುದು ಸರಿಯಲ್ಲ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧ, ಗರ್ಭನಿರೋಧಕ ಮಾತ್ರೆ, ಮತ್ತೊಂದು ಮಗುವಿನ ಆಲೋಚನೆ, ಮದ್ಯ, ಮನೆತನದಲ್ಲಿ ಯಾರಿಗಾದರೂ ಇದ್ದ ಮಾನಸಿಕ ಕಾಯಿಲೆ, ಇವನ್ನೂ ತಿಳಿಸಿ. ಮನೆಯಲ್ಲಿ ಹೊಡೆತ, ಬೆದರಿಕೆ ಅಥವಾ ಅವಮಾನ ನಡೆಯುತ್ತಿದ್ದರೆ ವೈದ್ಯರೊಂದಿಗೆ ಒಬ್ಬರೇ ಮಾತಾಡಲು ಅವಕಾಶ ಕೇಳಿ ಅದನ್ನು ಹೇಳಿ. ಹಿಂಸೆಯನ್ನು ಸಹಿಸಿಕೊಳ್ಳುವಂತೆ ಮಾಡುವುದು ಚಿಕಿತ್ಸೆಯ ಕೆಲಸವಲ್ಲ. ಅಲ್ಲಿ ಮೊದಲು ಬೇಕಾಗಿರುವುದು ಸುರಕ್ಷತೆ.

ಚಿಕಿತ್ಸೆ ಮತ್ತು ಅದರ ವೇಳೆ

ಸೌಮ್ಯವಾದ ಖಿನ್ನತೆಗೆ ಸಾಮಾನ್ಯವಾಗಿ ಮಾತಿನ ಚಿಕಿತ್ಸೆಯಿಂದ ಶುರುಮಾಡುತ್ತಾರೆ, ಮಧ್ಯಮ ಮತ್ತು ತೀವ್ರ ಖಿನ್ನತೆಗೆ ಮಾತ್ರೆಯೂ ಜೊತೆಗಿರುತ್ತದೆ. ತಾಯಂದಿರ ಸ್ಥಿತಿಗೆ ಚೆನ್ನಾಗಿ ಒಗ್ಗುವ ಪದ್ಧತಿಗಳಲ್ಲಿ ಒಂದು 1970ರ ದಶಕದಲ್ಲಿ ಜೆರಾಲ್ಡ್ ಕ್ಲರ್ಮನ್ ಮತ್ತು ಮಿರ್ನಾ ವೈಸ್‌ಮನ್ ರೂಪಿಸಿದ ಅಂತರವ್ಯಕ್ತಿ ಚಿಕಿತ್ಸೆ. ಸಾವಿನ ದುಃಖ, ಹತ್ತಿರದವರೊಂದಿಗಿನ ಜಗಳ, ಬದುಕಿನಲ್ಲಿ ಪಾತ್ರ ಬದಲಾಗುವುದು, ಒಂಟಿತನ ಎಂಬ ನಾಲ್ಕು ಕ್ಷೇತ್ರಗಳಲ್ಲಿ ಯಾವುದಕ್ಕೆ ಈ ಖಿನ್ನತೆ ಅಂಟಿಕೊಂಡಿದೆಯೆಂದು ಹುಡುಕಿ ಅದರ ಮೇಲೆ ಕೆಲಸ ಮಾಡುವುದು ಅದರ ಕ್ರಮ. ಮಗು ಶಾಲೆಗೆ ಹೊರಟದ್ದು, ಮಗಳು ದೂರದ ಕಾಲೇಜಿಗೆ ಹೋದದ್ದು, ಬಿಟ್ಟ ಉದ್ಯೋಗಕ್ಕೆ ಮರಳಲಾಗದೆ ಹೋದದ್ದು, ಇವೆಲ್ಲ ಪಾತ್ರದ ಬದಲಾವಣೆಗಳೇ.

ಮಾತ್ರೆಯ ಬಗ್ಗೆ ಮೊದಲೇ ತಿಳಿದಿರಬೇಕಾದುದು ಅದರ ವೇಳಾಪಟ್ಟಿ. ಹೆಚ್ಚಾಗಿ ಬರೆದುಕೊಡುವ ಎಸ್‌ಎಸ್‌ಆರ್‌ಐ ಬಗೆಯ ಮಾತ್ರೆಗಳಲ್ಲಿ ವಾಕರಿಕೆ, ತಲೆನೋವಿನಂಥ ಅಡ್ಡಪರಿಣಾಮಗಳು ಮೊದಲ ದಿನಗಳಲ್ಲಿಯೇ ಬರುತ್ತವೆ, ಗುಣ ಕಾಣಲು 2ರಿಂದ 4 ವಾರ, ಪೂರ್ಣ ಪರಿಣಾಮಕ್ಕೆ 6ರಿಂದ 8 ವಾರ ಬೇಕು. ಕಷ್ಟ ಮೊದಲು, ಫಲ ಆಮೇಲೆ ಎಂಬುದು ಗೊತ್ತಿಲ್ಲದವರು ಹತ್ತನೆಯ ದಿನ ಮಾತ್ರೆ ಬಿಟ್ಟು ‘ನನಗೆ ಇದು ಆಗಿಬರಲಿಲ್ಲ’ ಎನ್ನುತ್ತಾರೆ. ಎರಡನೆಯ ತಪ್ಪು ಮೂರನೆಯ ತಿಂಗಳಲ್ಲಿ ಆಗುತ್ತದೆ: ಮನಸ್ಸು ತಿಳಿಯಾಯಿತು, ಇನ್ನೇಕೆ ಎಂದು ನಿಲ್ಲಿಸುವುದು. ಚೇತರಿಸಿಕೊಂಡ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಲು ವೈದ್ಯರು ಹೇಳುವುದು ಕಾಯಿಲೆ ಮರಳದಿರಲೆಂದು. ಈ ಮಾತ್ರೆಗಳು ಮದ್ಯ ಅಥವಾ ನಿದ್ದೆಗುಳಿಗೆಯಂತೆ ಚಟ ಹಿಡಿಸುವುದಿಲ್ಲ, ಆದರೆ ಥಟ್ಟನೆ ಬಿಟ್ಟರೆ ತಲೆಸುತ್ತು, ತಳಮಳ ಬರುವುದರಿಂದ ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು. ಲೈಂಗಿಕ ಆಸಕ್ತಿ ಕುಗ್ಗಿದರೆ ಸಂಕೋಚಪಡದೆ ಹೇಳಿ, ಬೇರೆ ಔಷಧಗಳಿವೆ.

ಎರಡು ಭೇಟಿಗಳ ನಡುವೆ ಮನೆಯಲ್ಲಿ ಮಾಡಬಹುದಾದ ಕೆಲಸಕ್ಕೆ ಬಟ್ಟೆಯ ರಾಶಿಯನ್ನೇ ತೆಗೆದುಕೊಳ್ಳೋಣ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾದರೆ ಖಿನ್ನತೆಯಲ್ಲಿ ಮನಸ್ಸು ಬರುವುದೇ ಇಲ್ಲ. ಮಾಡಿದ ಮೇಲೆ ಮನಸ್ಸು ಹಿಂದೆಯೇ ಸ್ವಲ್ಪ ಬರುತ್ತದೆ. ವರ್ತನಾ ಸಕ್ರಿಯಗೊಳಿಸುವಿಕೆ ಎಂಬ ಚಿಕಿತ್ಸಾಕ್ರಮ ನಿಂತಿರುವುದು ಈ ಗಮನಿಕೆಯ ಮೇಲೆ. ರಾಶಿಯನ್ನು ಮುಗಿಸುವ ಗುರಿ ಇಟ್ಟುಕೊಳ್ಳಬೇಡಿ. ಸಂಜೆ 6 ಗಂಟೆಗೆ ಐದು ಬಟ್ಟೆ ಮಡಚುವುದು, ಆರನೆಯದನ್ನು ಮುಟ್ಟದಿರುವುದು. ಮಾಡುವ ಮೊದಲು ಮನಸ್ಸಿನ ಸ್ಥಿತಿಗೆ ಹತ್ತರಲ್ಲಿ ಒಂದು ಅಂಕ, ಮಾಡಿದ ಮೇಲೆ ಇನ್ನೊಂದು ಅಂಕ ಬರೆದಿಡುವುದು. ಮೊದಲ ದಿನಗಳಲ್ಲಿ ಎರಡೂ 2 ಆಗಿರಬಹುದು, ಇರಲಿ. ಅದರ ಜೊತೆಗೆ ಮನೆಗೆಲಸವಲ್ಲದ ಒಂದು ಚಿಕ್ಕ ಚಟುವಟಿಕೆಯನ್ನೂ, ಹಿಂದೆ ಹಿತವೆನಿಸುತ್ತಿದ್ದದ್ದನ್ನು, ಹತ್ತು ನಿಮಿಷದ ಮಟ್ಟಿಗೆ ಗೊತ್ತುಮಾಡಿದ ಹೊತ್ತಿಗೆ ಸೇರಿಸಿ. ಬರೀ ಬಟ್ಟೆ ಮಡಚುವುದೇ ಚಿಕಿತ್ಸೆಯಾದರೆ ಅದು ಮನೆಯವರಿಗೆ ಅನುಕೂಲ, ನಿಮಗಲ್ಲ. ‘ನಿನಗಾಗಿ ಸ್ವಲ್ಪ ಸಮಯ ಮಾಡಿಕೊ’ ಎಂದು ಎಲ್ಲರೂ ಕೊಡುವ ಸಲಹೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ, ಏಕೆಂದರೆ ಆ ಸಮಯದಲ್ಲಿ ಆಕೆಯ ಕೆಲಸವನ್ನು ಯಾರು ಮಾಡಬೇಕೆಂಬುದನ್ನು ಹೇಳದೆಯೇ ಸಲಹೆ ಮುಗಿದಿರುತ್ತದೆ.

ಮನೆಯವರು ಮಾಡಬೇಕಾದುದು

ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಎಂಬ ಸಂಶೋಧಕರು ದಕ್ಷಿಣ ಲಂಡನ್ನಿನ ಮಹಿಳೆಯರನ್ನು ಅಧ್ಯಯನ ಮಾಡಿ 1978ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಈಗಲೂ ಹಳತಾಗಿಲ್ಲ. ಕಷ್ಟ ಬಂದಾಗ ಖಿನ್ನತೆಗೆ ಜಾರುವ ಸಾಧ್ಯತೆ ಹೆಚ್ಚಿದ್ದದ್ದು ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಹತ್ತಿರದ ಒಬ್ಬರೂ ಇಲ್ಲದವರಿಗೆ, 14 ವರ್ಷದೊಳಗಿನ ಮೂರು ಅಥವಾ ಹೆಚ್ಚು ಮಕ್ಕಳು ಮನೆಯಲ್ಲಿರುವವರಿಗೆ, ಹೊರಗೆ ಉದ್ಯೋಗವಿಲ್ಲದವರಿಗೆ, ಮತ್ತು 11 ವರ್ಷಕ್ಕೆ ಮುಂಚೆ ತಾಯಿಯನ್ನು ಕಳೆದುಕೊಂಡವರಿಗೆ. ಇವುಗಳಲ್ಲಿ ಗಂಡ ಅಥವಾ ಅಕ್ಕತಂಗಿಯರು ನಾಳೆಯೇ ಬದಲಿಸಬಹುದಾದದ್ದು ಮೊದಲನೆಯದು. ದಿನಕ್ಕೆ ಹದಿನೈದು ನಿಮಿಷ ಪರಿಹಾರ ಸೂಚಿಸದೆ, ‘ನಿನಗೇನು ಕಡಿಮೆಯಾಗಿದೆ’ ಎಂದು ಕೇಳದೆ, ಆಕೆ ಹೇಳಿದ್ದನ್ನು ಕೇಳಿಸಿಕೊಳ್ಳುವುದು ಕೇಳಲು ಸುಲಭ, ಮಾಡಲು ಕಷ್ಟ.

ಇನ್ನು ಕೆಲಸದ ವಿಷಯ. ‘ಏನಾದರೂ ಮಾಡಬೇಕಿದ್ದರೆ ಹೇಳು’ ಎಂಬ ಮಾತಿನಲ್ಲಿ ಕೆಲಸವನ್ನು ನೆನಪಿಡುವ, ಹಂಚುವ, ಆಯಿತೇ ಎಂದು ನೋಡುವ ಭಾರ ಆಕೆಯ ತಲೆಯಲ್ಲಿಯೇ ಉಳಿಯುತ್ತದೆ. ಅದರ ಬದಲು ಒಂದು ಕೆಲಸವನ್ನು ಬುಡಸಮೇತ ಎತ್ತಿಕೊಳ್ಳಿ: ಶಾಲೆಗೆ ಸಂಬಂಧಿಸಿದ್ದೆಲ್ಲವೂ, ಶುಲ್ಕದ ಕೊನೆಯ ದಿನಾಂಕದಿಂದ ಹಿಡಿದು ಮುಗಿದ ನೋಟ್‌ಬುಕ್ಕಿನವರೆಗೆ, ಇನ್ನು ಮುಂದೆ ನಿಮ್ಮದು. ಆಕೆಯ ಚಿಕಿತ್ಸೆಯ ಭೇಟಿಯ ದಿನ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆಂಬುದು ಹಿಂದಿನ ದಿನವೇ ನಿಶ್ಚಯವಾಗಿರಲಿ, ಏಕೆಂದರೆ ಭೇಟಿಗಳು ತಪ್ಪುವುದು ಸಾಮಾನ್ಯವಾಗಿ ಅಲ್ಲಿಯೇ.

ಮಕ್ಕಳಿಗೆ ಏನು ಹೇಳಬೇಕು? ಹೇಳದಿದ್ದರೆ ಅವರು ತಾವೇ ಕಾರಣ ಕಂಡುಕೊಳ್ಳುತ್ತಾರೆ, ಆ ಕಾರಣ ಬಹುಮಟ್ಟಿಗೆ ತಾವೇ ಆಗಿರುತ್ತಾರೆ. ಚಿಕ್ಕವರಿಗೆ ಮೂರು ಮಾತು ಸಾಕು: ಅಮ್ಮನಿಗೆ ಹುಷಾರಿಲ್ಲ, ಅದು ನಿನ್ನಿಂದ ಆದದ್ದಲ್ಲ, ಡಾಕ್ಟರು ಔಷಧ ಕೊಡುತ್ತಿದ್ದಾರೆ. ಹದಿಹರೆಯದವರ ಮುಂದೆ ಖಿನ್ನತೆ ಎಂಬ ಪದವನ್ನೇ ಬಳಸಿ, ಅವರು ಕೇಳಿದ್ದಕ್ಕೆ ಉತ್ತರಿಸಿ, ಆದರೆ ರಾತ್ರಿ ಹನ್ನೊಂದಕ್ಕೆ ಮಗಳನ್ನು ಎದುರು ಕೂರಿಸಿಕೊಂಡು ದಾಂಪತ್ಯದ ನೋವನ್ನೆಲ್ಲ ತೋಡಿಕೊಳ್ಳಬೇಡಿ. ಆ ಭಾರ ಹೊರುವುದು ದೊಡ್ಡವರ ಕೆಲಸ. ಕಿರುಚಿದ ಮೇಲೆ ‘ನಾನು ಹಾಗೆ ಕಿರುಚಬಾರದಿತ್ತು, ತಪ್ಪು ನಿನ್ನದಲ್ಲ’ ಎಂದು ಅದೇ ದಿನ ಹೇಳುವುದರಿಂದ ತಾಯಿಯ ಗೌರವ ಕಡಿಮೆಯಾಗುವುದಿಲ್ಲ.

ಮಕ್ಕಳನ್ನು ಬಿಟ್ಟು ತನ್ನ ಚಿಕಿತ್ಸೆಗೆ ಹಣ, ಹೊತ್ತು ಕೊಡುವುದು ಸ್ವಾರ್ಥವೆಂದು ಹಿಂಜರಿಯುವವರು 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಗಮನಿಸಬೇಕು. ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದ 151 ತಾಯಂದಿರನ್ನೂ 7ರಿಂದ 17 ವರ್ಷದ ಅವರ ಮಕ್ಕಳನ್ನೂ ಮೂರು ತಿಂಗಳು ಗಮನಿಸಿದಾಗ, ತಾಯಿ ಗುಣಮುಖಳಾದ ಮನೆಗಳಲ್ಲಿ ಮಕ್ಕಳ ಮಾನಸಿಕ ಸಮಸ್ಯೆಗಳ ಪ್ರಮಾಣ ಶೇ 11ರಷ್ಟು ಇಳಿದಿತ್ತು, ಗುಣವಾಗದ ಮನೆಗಳಲ್ಲಿ ಶೇ 8ರಷ್ಟು ಏರಿತ್ತು. ಚಿಕಿತ್ಸೆ ಕೊಟ್ಟದ್ದು ತಾಯಂದಿರಿಗೆ ಮಾತ್ರ.

ಒಮ್ಮೆ ಖಿನ್ನತೆ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಮತ್ತೊಮ್ಮೆ ಬರುತ್ತದೆ, ಆದ್ದರಿಂದ ಚೆನ್ನಾಗಿರುವಾಗಲೇ ಒಂದು ಹಾಳೆಯಲ್ಲಿ ನಿಮ್ಮ ಮೊದಲ ಮೂರು ಸೂಚನೆಗಳನ್ನು ಬರೆಯಿರಿ. ಅವು ಪಟ್ಟಿಯ ಲಕ್ಷಣಗಳಂತೆ ಇರಬೇಕಾಗಿಲ್ಲ. ಗೆಳತಿಯ ಫೋನು ಕರೆಗೆ ಉತ್ತರಿಸದಿರುವುದು, ಬೆಳಗಿನ ಜಾವದ ಎಚ್ಚರ, ಕುರ್ಚಿಯ ಮೇಲಿನ ರಾಶಿ, ನಿಮಗೆ ಯಾವುದು ಮೊದಲು ಬಂದಿತ್ತೋ ಅದು. ಅದರ ಕೆಳಗೆ ವೈದ್ಯರ ಫೋನ್ ಸಂಖ್ಯೆ, ಹಿಂದೆ ಫಲ ಕೊಟ್ಟ ಮಾತ್ರೆಯ ಹೆಸರು ಮತ್ತು ಡೋಸ್ ಇರಲಿ. ಹಾಳೆಯ ಒಂದು ಪ್ರತಿಯನ್ನು ನಿಮ್ಮ ಜೊತೆ ವಾದಕ್ಕಿಳಿಯದ ಒಬ್ಬರಿಗೆ ಕೊಟ್ಟು, ಇವುಗಳಲ್ಲಿ ಎರಡು ಕಂಡು ಎರಡು ವಾರವಾದರೆ ನನ್ನನ್ನು ಒಪ್ಪಿಸಲು ಹೋಗದೆ ವೈದ್ಯರ ಭೇಟಿ ಗೊತ್ತುಮಾಡಿ ದಿನಾಂಕ ತಿಳಿಸಿಬಿಡು ಎಂದು ಈಗಲೇ ಹೇಳಿಡಿ.